ಮೊಟ್ಟೆ ನೋಡುವವಳು

ಡಾಕರಿನ ಆ ಕಟ್ಟಡದ ಒಳಕೋಣೆಯಲ್ಲಿ
ನನ್ನ ಕೆಲಸ ಇಷ್ಟೇ:
ಕತ್ತಲಲ್ಲಿ ನಿಂತು ಮೊಟ್ಟೆಯನ್ನು ದೀಪಕ್ಕೆ ಹಿಡಿಯುವುದು.
ಕೆಂಪಗೆ ಬೇರು ಬಿಟ್ಟಂತೆ ನರ ಹರಡಿದ್ದರೆ,
ನಡುವೆ ಒಂದು ಚುಕ್ಕೆ ಮಿಸುಕಿದರೆ
ಬಲಕ್ಕೆ.
ಸುಮ್ಮನಿದ್ದರೆ ಎಡಕ್ಕೆ.
ಹನ್ನೊಂದು ವರ್ಷ. ಬಲಕ್ಕೆ, ಎಡಕ್ಕೆ.

"ಬದುಕಿದ್ದನ್ನು ಆರಿಸುತ್ತೀಯಲ್ಲ, ಪುಣ್ಯದ ಕೆಲಸ"
ಎಂದಳು ಹೊಸದಾಗಿ ಸೇರಿದ ಕುಂಬಾ.
ಬಲಕ್ಕೆ ಹೋದದ್ದೂ ಮರಿಯಾಗುವುದಿಲ್ಲವೆಂದು
ನಾನು ಹೇಳಲಿಲ್ಲ.
ಆ ವಾರದೊಳಗೆ ಅವಳಿಗೇ ತಿಳಿಯಿತು.

ಸೂಜಿಮೊನೆಯಲ್ಲಿ ಒಳಗೆ ಬಿಡುವುದು ಹಳದಿ ಜ್ವರವನ್ನಲ್ಲ,
ಅದರ ಹಲ್ಲುದುರಿದ ತಮ್ಮನನ್ನು.
ಪರರ ಮನೆಯಲ್ಲಿ ತಲೆಮಾರುಗಟ್ಟಲೆ ಬೆಳೆದು
ಮನುಷ್ಯರ ಯಕೃತ್ತಿನ ದಾರಿ ಮರೆತವನು,
ಅಣ್ಣನ ಮುಖ ಮಾತ್ರ ಹಾಗೇ ಉಳಿಸಿಕೊಂಡವನು.
ಆ ಮುಖ ಸಾಕು. ನೋಡಿದ ಮೈ ಅಣ್ಣನಿಗಾಗಿ
ಬಾಗಿಲಲ್ಲಿ ಕೋಲು ಹಿಡಿದು ಕೂರುತ್ತದೆ.

ಮತ್ತೆ ಮೂರು ನಾಲ್ಕು ದಿನ ಕಾವು,
ತಾಯಿಕೋಳಿಯಿಲ್ಲದ, ಥರ್ಮಾಮೀಟರಿನ ಕಾವು.
ಆಮೇಲೆ ಮತ್ತೆ ನನ್ನ ದೀಪ.
ಆಮೇಲೆ ಕತ್ತರಿ.
ಅರೆದು, ಗಿರಗಿರ ತಿರುಗಿಸಿ, ತಿಳಿ ತೆಗೆದು,
ಹೆಪ್ಪುಗಟ್ಟಿಸಿ ನೀರು ಹೀರಿದರೆ
ಸೀಸೆಯ ತಳದಲ್ಲಿ ಉಗುರಿನಷ್ಟು ಪುಡಿ.
ಅದನ್ನು ತಿಂಗಳುಗಟ್ಟಲೆ
ಬೇರೆ ಬೇರೆ ಕೋಣೆಯ ಜನ ಅನುಮಾನಿಸುತ್ತಾರೆ.
ಅನುಮಾನಕ್ಕೇ ಅವರಿಗೆ ಸಂಬಳ.

ರಜೆಗೆ ಕಾಸಮಾನ್ಸಿನ ನನ್ನೂರಿಗೆ ಹೋದೆ.
ಅದೇ ದೋಣಿಯಲ್ಲಿ ನರ್ಸ್ ಆಂಬ್ರೋಜ್,
ತೊಡೆಯ ಮೇಲೆ ನೀಲಿ ಡಬ್ಬಿ, ಒಳಗೆ ಐಸಿನ ನಡುವೆ
ನಮ್ಮ ಸೀಸೆಗಳು.
ಗುರುತು ಹಿಡಿದೆ, ಸಂತೆಯಲ್ಲಿ ತವರಿನವರನ್ನು ಕಂಡಂತೆ.
"ಈ ವೃತ್ತದೊಳಗಿನ ಚೌಕ ಕಪ್ಪಾದರೆ ಬಿಸಿಲು ತಾಗಿತೆಂದು ಅರ್ಥ"
ಎಂದು ನನಗೇ ವಿವರಿಸಿದ.
ಹೌದಾ ಎಂದೆ.

ಬೂರುಗದ ಮರದಡಿ ಒಂಬತ್ತಕ್ಕೆ ಸೀಸೆ ತೆರೆದ.
ಹತ್ತು ಜನರದು. ನೀರು ಬೆರೆಸಿದ ಮೇಲೆ ಆರೇ ಗಂಟೆ ಆಯುಸ್ಸು.
ಬಂದದ್ದು ಏಳು ಮಕ್ಕಳು.
"ಉಳಿದದ್ದು?"
"ಚೆಲ್ಲುವುದು. ಒಬ್ಬರೇ ಬಂದಿದ್ದರೂ ತೆರೆಯುತ್ತಿದ್ದೆ,
ತೆರೆಯದೆ ಕಳಿಸಿದ ಒಂದು ಮಗು ನನ್ನ ಲೆಕ್ಕದಲ್ಲಿದೆ."
ಹೆಚ್ಚು ಹೇಳಲಿಲ್ಲ.

ನಾನು ಎದ್ದೆ. ಇಳಿತದ ಹೊತ್ತು;
ಕಾಂಡ್ಲಾ ಬೇರುಗಳಿಂದ ಸಿಂಪಿ ಬಿಡಿಸುತ್ತಿದ್ದವಳ ಬೆನ್ನಲ್ಲಿ
ನಿದ್ದೆ ಹೋಗಿತ್ತೊಂದು ಮಗು. ಮೊಣಕಾಲುದ್ದ ಕೆಸರಿನಿಂದ
ಅವಳನ್ನು ಎಳೆದು ತಂದೆ. ಎಂಟು.
"ನನಗೆ ಯಾರೂ ಚುಚ್ಚಿಲ್ಲ" ಎಂದು ಅಂಬಿಗ ಲಾಂಡಿಂಗ್
ತೋಳೊಡ್ಡಿದ, ಕಣ್ಣು ಮಾತ್ರ ಹೊಳೆಯ ಕಡೆ. ಒಂಬತ್ತು.

ಕೊನೆಯ ಮನೆ ಮುದುಕಿ ಸಿಬೇತಳದು.
ಬಾಗಿಲು ಅರ್ಧ ತೆರೆದು, ಮೊಮ್ಮಗಳನ್ನು ಕಾಲ ಹಿಂದೆ ತಳ್ಳಿ,
"ಚುಚ್ಚಿದರೆ ಜ್ವರ ಬರುತ್ತದಂತೆ?"
ಬರಬಹುದು ಎಂದೆ. ಒಂದೆರಡು ದಿನ.
"ಜ್ವರ ಬಾರದಿರಲೆಂದು ಜ್ವರವೇ?"
ಹಲ್ಲುದುರಿದ ತಮ್ಮನ ಕತೆ ಹೇಳಿದೆ.
ನಕ್ಕಳು, ಅವಳ ಬಾಯಲ್ಲೂ ಹಲ್ಲಿರಲಿಲ್ಲ.
"ನಾಳೆ ಬಾ."
ಇಂದು ಮೂರು ಗಂಟೆಯ ಆಚೆ ಆ ಸೀಸೆಗೆ ನಾಳೆಯಿಲ್ಲವೆಂದು
ಹೇಗೆ ಹೇಳಲಿ, ಹೇಳಿದೆ. ಬಾಗಿಲು ತೆರೆಯಲಿಲ್ಲ.

ಮೂರಕ್ಕೆ ಆಂಬ್ರೋಜ್ ಸೀಸೆಯನ್ನು ಪೆಟ್ಟಿಗೆಗೆ ಹಾಕಿದ.
ಟಕ್ ಎಂದಿತು.
ಒಂದು ಮೊಟ್ಟೆಯಿಂದ ನೂರಾರು ಡೋಸು ಎನ್ನುತ್ತಾಳೆ ಕುಂಬಾ.
ಹಾಗಾದರೆ ಕಳೆದುಕೊಂಡದ್ದು
ಒಂದು ಮಿಸುಕಿನ ನೂರರಲ್ಲೊಂದು ಪಾಲು.
ಅಷ್ಟಕ್ಕೆ ಯಾರು ಅಳುತ್ತಾರೆ.

ಮರುದಿನ ಕಡವಿಗೆ ಓಡಿ ಬಂದಳು ಮೊಮ್ಮಗಳು,
ಅಜ್ಜಿ ಕೊಟ್ಟದ್ದೆಂದು ಭತ್ತದ ಹುಲ್ಲಿನಲ್ಲಿ ಸುತ್ತಿದ ಐದು ಮೊಟ್ಟೆ.
ಬೇಡವೆನ್ನಲು ಬರುತ್ತದೆಯೇ?
ಹಡಗಿನಲ್ಲಿ ರಾತ್ರಿಯಿಡೀ ಮಡಿಲಲ್ಲಿಟ್ಟು ತಂದೆ.

ಡಾಕರಿನ ಅಡುಗೆಮನೆ. ಎಣ್ಣೆ ಕಾದಿತ್ತು.
ರೂಢಿ ಬಿಡಲಿಲ್ಲ, ಬಲ್ಬಿಗೆ ಹಿಡಿದೆ.
ನಾಲ್ಕು ಸುಮ್ಮನಿದ್ದವು.
ಐದನೆಯದರಲ್ಲಿ ಏನೋ ಮಿಸುಕಿತು.

ಒಲೆ ಆರಿಸಿ,
ಎಡವೂ ಬಲವೂ ಇಲ್ಲದ ಆ ಮನೆಯಲ್ಲಿ
ಅದನ್ನು ಹಿಡಿದು ನಿಂತೇ ಇದ್ದೆ.