ನಡಾವಳಿಗೆ ಬಾರದ್ದು

ವಿಷಯ: ಒಂಬತ್ತನೇ ಜಂಕ್ಷನ್ನಿನ ವಿಸ್ತರಣೆ, ಸಾರ್ವಜನಿಕ ಅಹವಾಲು.
ಸ್ಥಳ: ಕಿಲ್‌ಮರ್ವೆನ್ ಪ್ಯಾರಿಷ್ ಸಭಾಂಗಣ. ಗುರುವಾರ, ಸಂಜೆ ಏಳೂವರೆ.
ಹಾಜರಿ: ಅರವತ್ತೊಂದು.
ಬಾಗಿಲ ಬಳಿ ಮಲಗಿದ್ದ ನಾಯಿಯನ್ನು ನಾನು ಬರೆಯಲಿಲ್ಲ.
ಹತ್ತೊಂಬತ್ತು ವರ್ಷದಿಂದ ಕೌಂಟಿ ಕಚೇರಿ ಕೊಡುವ ಸಂಬಳದಲ್ಲಿ
ಅರ್ಧ ಬರೆಯುವುದಕ್ಕೆ,
ಅರ್ಧ ಬಿಡುವುದಕ್ಕೆ.

ಎಂಜಿನಿಯರ್ ಕೊರ್ಮಾಕ್ ಟ್ಯಾನ್ಸಿ ಇನ್ನೂ ಹುಡುಗ,
ಕತ್ತಿನ ಹಿಂದೆ ಹೊಸ ಕ್ಷೌರದ ಕೆಂಪು.
ಅವನ ಬೆಳಕಿನ ಚುಕ್ಕಿ ನಕ್ಷೆಯ ಮೇಲೆ ಇರುವೆಯಂತೆ ಹರಿಯಿತು:
ಇಲ್ಲಿ ಮೇಲ್ಸೇತುವೆ, ಇಲ್ಲೆರಡು ವೃತ್ತ,
ಇಲ್ಲಿ ಹೆದ್ದಾರಿಗೆ ಸೇರುವ ಕೂಡುದಾರಿ,
ಇಲ್ಲಿ,
ಚುಕ್ಕಿ ಸ್ವಲ್ಪ ನಡುಗಿತು,
ಸದ್ಯಕ್ಕೆ ಒಂದು ಮನೆ.

ಮೂರು ವರ್ಷದ ಹಿಂದೆ ಮೂವತ್ತೆಂಟು ಮಿಲಿಯನ್ ಯೂರೋ.
ಈಗ ಅರವತ್ತೊಂದು.
ಉಕ್ಕು, ಡೀಸೆಲ್, ಯಾವುದೋ ಯುದ್ಧ, ಕೆಸರು ನೆಲ.
ಹಿಂದಿನ ಸಾಲಿನಿಂದ ಯಾರೋ ತಲೆ ಎಣಿಸಿ ಕೂಗಿದರು,
'ತಲೆಗೊಂದು ಮಿಲಿಯನ್ ಆಯಿತಲ್ಲಪ್ಪಾ, ನಾಯಿಗೇನೂ ಇಲ್ಲವೆ?'
ನಗು. ನಗುವನ್ನೂ ಬರೆಯುವಂತಿಲ್ಲ.

ಟ್ಯಾಂಕರ್ ಓಡಿಸುವ ಫಾಕ್ಟ್ನಾ ಡೀಸಿ ಎದ್ದ, ಟೊಪ್ಪಿ ಕೈಯಲ್ಲಿ.
'ಹಳೆಯ ನಕ್ಷೆಗಿಂತ ಕೂಡುದಾರಿ ನಲವತ್ತು ಮೀಟರ್ ಗಿಡ್ಡ. ಯಾಕೆ?'
ಖರ್ಚು ತಗ್ಗಿಸಲು ವಿನ್ಯಾಸದ ಮರುಪರಿಶೀಲನೆ, ಅಂದ ಹುಡುಗ,
ನಿಯಮದ ಮಿತಿಯೊಳಗೇ ಇದೆ, ಆದರೂ ಗಮನದಲ್ಲಿದೆ, ಆದರೂ,
ಹೀಗೆ ಅಡ್ಡಗೋಡೆಯ ಮೇಲೆ ಇಟ್ಟ ದೀಪ.
'ಮಗೂ, ನಾನು ಬ್ರೇಕ್ ಒತ್ತಿದ ಮೇಲೂ
ಅರ್ಧ ತುಂಬಿದ ಟ್ಯಾಂಕಿನಲ್ಲಿ ಹಾಲು ನಿಲ್ಲುವುದಿಲ್ಲ.
ಅದಕ್ಕೆ ನಿಯಮ ಗೊತ್ತಿಲ್ಲ.
ಹಿಂದಿನಿಂದ ಬಂದು ನನ್ನ ಬೆನ್ನಿಗೆ ಗುದ್ದುತ್ತದೆ.'

ಆಮೇಲೆ ಅಟ್ರಾಕ್ಟಾ ಮುಲ್ಹರ್ನ್. ಆ ಮನೆಯವಳು.
ಚೀಲದಿಂದ ಹನ್ನೊಂದು ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಹರವಿದಳು,
ಕೋಳಿ ಮೇವಿನ ಅಂಗಡಿ ಪುಕ್ಕಟೆ ಕೊಡುವಂಥವು.
ವರದಿಯಲ್ಲಿ ಐದು ವರ್ಷಕ್ಕೆ ನಾಲ್ಕು ಅಪಘಾತ.
ಗಾಯವಾದರೆ ಮಾತ್ರ ಲೆಕ್ಕವಂತೆ,
ಗಾಯವೂ ಪೊಲೀಸರ ಕಣ್ಣಿಗೆ ಬಿದ್ದರೆ ಮಾತ್ರ.
'ಇಲ್ಲಿ ಗೆರೆ ಎಳೆದಿದ್ದರೆ ಗಾಜು ಗುಡಿಸಿದೆ ಅಂತ.
ಎರಡು ಗೆರೆ, ಟವೆಲ್ಲು ಕೊಟ್ಟೆ.
ಸೊನ್ನೆ ಸುತ್ತಿದ್ದರೆ ಚಹಾ.
ಲೋಟ ಕೈಯಲ್ಲಿ ನಡುಗದೆ ನಿಲ್ಲುವ ತನಕ
ಯಾರೋ ನನ್ನ ಅಡುಗೆಮನೆಯಲ್ಲಿ ಕೂತಿದ್ದರು.'

ಹುಡುಗ ಎಣಿಸತೊಡಗಿದ.
ಮಾರ್ಚಿ ತಿರುವಿದ, ಏಪ್ರಿಲ್ ತಿರುವಿದ.
ಚುಕ್ಕಿ ಆರಿಸುವುದನ್ನು ಮರೆತಿದ್ದ,
ಅದು ಅವನ ಬೂಟಿನ ಮೇಲೆ ಉರಿಯುತ್ತಿತ್ತು.

ಅಧ್ಯಕ್ಷರು ಕೆಮ್ಮಿ ಮೆಲ್ಲಗೆ ಕೇಳಿದರು,
'ಹಾಗಾದರೆ ಮನೆ ಬಿಡಲು ನಿಮ್ಮ ತಕರಾರು?'
'ಮನೆ ಹೋಗಲಿ. ಕಿಟಕಿ ಹೇಗೂ ಮುಚ್ಚಲು ಬರುವುದಿಲ್ಲ.
ಆದರೆ ಆ ನಲವತ್ತು ಮೀಟರ್ ನೀವು ಉಳಿಸಿಕೊಂಡರೆ
ನಾನು ಹೋದ ಮೇಲೆ ಅಲ್ಲಿ ಚಹಾ ಯಾರು ಮಾಡುತ್ತಾರೆ?'

ಅದನ್ನು ನಾನು ಬರೆದದ್ದು ಹೀಗೆ:
*ಸ್ಥಳೀಯರೊಬ್ಬರು ಸುರಕ್ಷತೆಯ ಬಗ್ಗೆ ಕಳಕಳಿ ವ್ಯಕ್ತಪಡಿಸಿದರು. ಗಮನಿಸಲಾಯಿತು.*

ಏಳನೆಯ ಕ್ಯಾಲೆಂಡರಿನಲ್ಲಿ, ಫೆಬ್ರವರಿ, ಮಂಗಳವಾರ,
ಒಂದು ಸೊನ್ನೆಯಿದೆ. ಅದು ನಾನು.
ಬಂಪರ್ ಮಾತ್ರ ಹೋಗಿತ್ತು, ದೂರು ಕೊಡಲಿಲ್ಲ.
ಸಕ್ಕರೆ ಮೂರು ಚಮಚ ಹಾಕಿದ್ದಳು, ಕೇಳದೆಯೇ.
ನಡಾವಳಿ ಬರೆಯುವವರು ಸಭೆಯಲ್ಲಿ ಮಾತಾಡುವಂತಿಲ್ಲ.

ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದರು.
ಹಾಜರಿಯನ್ನು ತಿದ್ದಿದೆ: ಅರವತ್ತೆರಡು.
ನಾಯಿಯನ್ನು ಸೇರಿಸಿದ್ದೆಂದು
ಯಾರಾದರೂ ತಿಳಿದರೆ ತಿಳಿಯಲಿ.