ಮದ್ಮಲ್

ತುಳುವಿನಲ್ಲಿ ಮದುಮಗಳೆಂದೇ ಹೆಸರು ಈ ಮೀನಿಗೆ.
ಮೈಯೆಲ್ಲ ಗುಲಾಬಿ, ಪಕ್ಕೆಗೆ ಹಳದಿ ಗೆರೆ,
ಕಣ್ಣು ದೊಡ್ಡದು, ಬೆದರಿದ್ದು.
ನನ್ನ ಫಾರಮ್ಮಿನಲ್ಲಿ ಅದಕ್ಕೊಂದು ಲ್ಯಾಟಿನ್ ಹೆಸರಿದೆ,
ದಿನಕ್ಕೆ ಹನ್ನೆರಡು ಸಲ ಬರೆಯುತ್ತೇನೆ,
ಹೇಳಲು ಇನ್ನೂ ನಾಲಗೆ ತಿರುಗುವುದಿಲ್ಲ.

ಮಲ್ಪೆ ಬಂದರಿನಿಂದ ಕೂಗಳತೆ ನಮ್ಮ ಫ್ಯಾಕ್ಟರಿ.
ಐದು ಗಂಟೆಗೆ ಟೆಂಪೋ,
ದಾರಿಯುದ್ದ ಐಸಿನ ನೀರಿನ ಗೆರೆ.
ತಲೆ ಹಾರುತ್ತದೆ, ಮುಳ್ಳು ಬಿಡುತ್ತದೆ,
ಉಳಿದದ್ದಕ್ಕೆ ಮೂರು ನೀರು:
ಮೊದಲನೆಯದಕ್ಕೆ ರಕ್ತ ಹೋಗುತ್ತದೆ,
ಎರಡನೆಯದಕ್ಕೆ ಬಣ್ಣ,
ಮೂರನೆಯದಕ್ಕೆ ಸಮುದ್ರ.
ಕೊನೆಗೆ ಬೆಳ್ಳಗಿನ ಹಿಟ್ಟು,
ವಾಸನೆಯಿಲ್ಲ, ಊರಿಲ್ಲ,
ಯಾರ ಮನೆಯ ದೋಸೆಕಾವಲಿಗೂ ಸಲ್ಲದ್ದು.

ಅದಕ್ಕೆ ಸಕ್ಕರೆ ಸುರಿಯುವುದು ಕಂಡು
ಸುಗಂಧಿ ಕುಂದರ್ ಮೊದಲ ದಿನ ನಕ್ಕಿದ್ದಳು:
"ಬಾಯಮ್ಮಾ, ಪಾಯಸ ಮಾಡುದಾ?"
ಮೈನಸ್ ಹದಿನೆಂಟರ ಚಳಿಗೆ ಒಡೆಯಬಾರದಲ್ಲ, ಅದಕ್ಕೆ, ಎಂದೆ.
"ಹಾಗಾದ್ರೆ ನಮ್ಮ ಕೈಗೂ ಒಂದು ಮುಷ್ಟಿ ಹಾಕಿ"
ಗ್ಲೌಸು ಕಳಚಿ ತೋರಿಸಿದಳು,
ಬೆರಳ ಸಂದಿಯ ಬಿರುಕು.
ಅವಳ ಕೈಯ ಮೀನು ನಾತ
ಮೂರು ನೀರಿಗೂ ಹೋಗುವುದಿಲ್ಲ.
ಕೆಮ್ಮಣ್ಣು ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ,
"ಹೆಸರು ಮಾತ್ರ ಸುಗಂಧಿ" ಅನ್ನುತ್ತಾಳೆ, ಕಾಲು ಚಾಚಿ ಕೂರುತ್ತಾಳೆ.

ಲ್ಯಾಬಿನಲ್ಲಿ ಆ ಹಿಟ್ಟನ್ನು ಬೇಯಿಸಿ
ಮೂರು ಮಿಲಿಮೀಟರಿನ ಬಿಲ್ಲೆ ಕೊಯ್ದು
ಮಡಚುತ್ತೇವೆ. ಮತ್ತೆ ಮಡಚುತ್ತೇವೆ.
ನಾಲ್ಕು ಮಡಿಕೆಗೂ ಬಿರುಕು ಬಿಡದಿದ್ದರೆ ಡಬಲ್ ಎ,
ಒಂದೇ ಮಡಿಕೆಗೆ ಸೀಳಿದರೆ
ರೇಟು ಇಳಿಯಿತು, ಮೇಲಿಂದ ಫೋನು ಬಂತು.
ಬಿಡದಿದ್ದದ್ದು ಪಣಂಬೂರಿನಲ್ಲಿ ಹಡಗು ಹತ್ತುತ್ತದೆ,
ಗಟ್ಟಿ ಸೀಲು, ನನ್ನ ಕೈಬರಹದ ಒಂಬತ್ತು ಕಾಗದ.
ಆಚೆ ದಡದಲ್ಲಿ ಅದಕ್ಕೆ ಕೆಂಪು ಬಳಿದು
ಏಡಿ ಎಂದು ಹೆಸರಿಡುತ್ತಾರಂತೆ.

ಕ್ಯಾಂಟೀನಿನಲ್ಲಿ ಲಡ್ಡು ಹಂಚಿದ ದಿನ
ಎಂ.ಡಿ. ವಾದಿರಾಜ ಕಾಂಚನ್ ಹೇಳಿದರು,
ಈ ವರ್ಷ ನೂರು ಕಂಟೇನರು, ಬರುವ ವರ್ಷ ಇನ್ನೂ ಐವತ್ತು,
ಅವಕಾಶ ಎಂಬ ಶಬ್ದ ಎಷ್ಟು ಸಲ ಬಂತೋ.
ಸುಳ್ಳಲ್ಲ. ಸುಗಂಧಿಯ ಮಗಳ ನರ್ಸಿಂಗ್ ಫೀಸು
ಈ ಗುಲಾಬಿ ಮೀನೇ ಕಟ್ಟಿತು.
ಅವಳತ್ತೆ ಇದನ್ನು ಬುಟ್ಟಿಯ ತಳದಲ್ಲಿಟ್ಟು
ಬಂಗುಡೆ ಕೊಂಡವರಿಗೆ ಮೇಲೆ ನಾಲ್ಕು ಹಾಕುತ್ತಿದ್ದಳಂತೆ, ಬಿಟ್ಟಿ.
ಈಗ ಆ ಬುಟ್ಟಿಯೂ ಇಲ್ಲ,
ಬಿಟ್ಟಿ ನಾಲ್ಕೂ ಇಲ್ಲ.

ಮಣಿಪಾಲದ ದೊಡ್ಡ ಅಂಗಡಿಯಲ್ಲಿ
ಒಂದು ಪ್ಯಾಕೆಟ್ ಏಡಿಕಡ್ಡಿ ಸಿಕ್ಕಿತು, ತಂದೆ.
ಯಾವ ದೇಶ ಸುತ್ತಿ ಬಂದದ್ದೋ,
ನಮ್ಮದೋ ಬೇರೆಯವರದೋ, ಯಾರು ಬಲ್ಲರು.
ಸುಗಂಧಿ ಅಗಿದಳು, ನಿಂತಳು, ಮತ್ತೆ ಅಗಿದಳು.
"ತವರಿಗೆ ಬಂದ ಮದುಮಗಳ ಹಾಗೆ,
ಮಾತೇ ಆಡುದಿಲ್ಲ."

ಜೂನ್ ಒಂದಕ್ಕೆ ಬೋಟು ದಡಕ್ಕೆ,
ಯಂತ್ರಗಳಿಗೆ ಟಾರ್ಪಾಲು.
ಫೈಲು ಜೋಡಿಸುತ್ತ ಒಬ್ಬಳೇ ಕೂತಿದ್ದೆ,
ಕೊಡೆ ಕೊಡವಿ ಒಳಗೆ ಬಂದಳು,
ಬಟ್ಟೆ ಸುತ್ತಿದ ಡಬ್ಬಿ: ಹಲಸಿನ ಹಪ್ಪಳ,
ಏಪ್ರಿಲಿನ ಆದಿತ್ಯವಾರಗಳಲ್ಲಿ
ಓಲೆಚಾಪೆಯ ಮೇಲೆ ಒಣಗಿಸಿದ್ದು.
"ಇದಕ್ಕೂ ಒಂದು ಕಾಗದ ಬರೀರಿ ಬಾಯಮ್ಮಾ,
ದುಬಾಯಿಗೆ ಹೋಗ್ತದಾ ನೋಡುವ."

ಲೈಸೆನ್ಸು ಬೇಕು, ಎಂದೆ, ಬಾವಿ ನೀರಿನ ರಿಪೋರ್ಟು,
ಲೇಬಲ್ಲು, ಎಷ್ಟು ತಿಂಗಳು ತಾಳುತ್ತದೆ ಎಂಬುದು...
ಕೇಳಿಸಿಕೊಂಡಳು. ಒಂದು ಹಪ್ಪಳ ತೆಗೆದು
ಲ್ಯಾಬಿನವರ ಹಾಗೆಯೇ, ಎರಡು ಬೆರಳಲ್ಲಿ, ಮಡಚಿದಳು.
ಟಕ್.
"ಇದು ಯಾವ ಗ್ರೇಡು?"

ಮೇಜಿನ ಮೇಲೆ, ಫಾರಮ್ಮಿನ ಮೇಲೆ ಚೂರು.
ಒರೆಸಲು ಹೋಗಿ ಒಂದನ್ನು ಬಾಯಿಗೆ ಹಾಕಿಕೊಂಡೆ,
ಹಸಿದೇ, ಜೀರಿಗೆ, ಖಾರ.
ಹೊಸ ಹಾಳೆ ತೆಗೆದೆ.
ಮೊದಲ ಕಲಮು, ಉತ್ಪನ್ನದ ಹೆಸರು.
ಬರೆಯುವ ಮೊದಲು
ಒಮ್ಮೆ ಜೋರಾಗಿಯೇ ಹೇಳಿದೆ.