ಕೊಸರು

ಇಪ್ಪತ್ತೆರಡು ಸಾವಿರ ಪಾಯಿಂಟು.
ಹಾಸನದ ಎಪಿಎಂಸಿ ಮಂಡಿಯಲ್ಲಿ ಕೂತು
ಜಲಂಧರದ ಬಿತ್ತನೆ ಗಡ್ಡೆಗೆ ಕಾರ್ಡು ಉಜ್ಜಿ ಉಜ್ಜಿ
ಬಂದ ಕೊಸರು.

ಅಗ್ಗ ಇದ್ದಾಗ ದುಡ್ಡು ಕೊಡು,
ತುಟ್ಟಿಯಾದಾಗ ಪಾಯಿಂಟು ಮುರಿ.
ಮಂಡಿಯವನಿಗೆ ಯಾರು ಹೇಳಿಕೊಡಬೇಕು?
ಕಾದೆ.
ದೀಪಾವಳಿಗೆ ಅಮೃತಸರ ಹದಿನಾಲ್ಕು ಸಾವಿರವಾಯ್ತು,
ಅವರೂ ಪಾಯಿಂಟು ಮೂರು ಪಟ್ಟು ಕೇಳಿದರು.

ಫೋನಿನಾಚೆ ಗುರ್ಮೇಜ್, ಹದಿನೇಳು ವರ್ಷದ ದನಿ:
‘ಗೌಡಾ ಸಾಬ್, ಯಾವಾಗ?’
ಮುಖ ನೋಡಿಲ್ಲ.
ಅವನ ಗಡ್ಡೆಯ ಕಣ್ಣಷ್ಟೇ ಎಣಿಸಿದ್ದೇನೆ.

ಸರೋಜಿ ಸ್ಟೋರೇಜಿನ ಮೂಟೆ ಬಿಚ್ಚಿದಳು:
‘ದರ ಬರ್ಲಿ ಅಂತ ಇಟ್ರಲ್ಲ, ನೋಡಿ,
ಗೇಣುದ್ದ ಮೊಳಕೆ.’

ಮಾರ್ಚಿ ಮುಗಿಯಲು ಹನ್ನೊಂದು ದಿನ. ಒತ್ತಿಬಿಟ್ಟೆ.
ಕಿಟಕಿ ಪಕ್ಕಕ್ಕೆ ಮತ್ತೆ ನಾನೂರು ಕೇಳಿತು.
ನಡುವೆಯೇ ಇರಲಿ;
ಗಡ್ಡೆ ಲಾರಿಯಲ್ಲಿ ಡ್ರೈವರು, ಕ್ಲೀನರ ಮಧ್ಯೆ
ಕೂತವನೇ ನಾನು.